ಹಳೆಯ ವಿದ್ಯಾರ್ಥಿ ಪ್ರಶಸ್ತಿಗೆ ಹೆಸರು ಕಳಿಸುವುದು ಹೇಗೆ? ಅರ್ಜಿ ಮೊದಲ ಸುತ್ತಿನಲ್ಲೇ ಬೀಳದಂತೆ ಒಂದು ಸಮಗ್ರ ಮಾರ್ಗದರ್ಶಿ

ಪ್ರತಿ ವರ್ಷ ಅದೇ ಕಥೆ. ಕಾಲೇಜೋ ವಿಶ್ವವಿದ್ಯಾಲಯವೋ ‘ಸಾಧಕ ಹಳೆಯ ವಿದ್ಯಾರ್ಥಿ’ ಪ್ರಶಸ್ತಿಗೆ ಹೆಸರು ಕರೆಯುತ್ತದೆ. ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ‘ಈ ಸಲ ನಮ್ಮವನಿಗೇ ಸಿಗಬೇಕು’ ಎಂದು ಮೆಸೇಜುಗಳ ಮಳೆ. ಕೊನೆಯ ದಿನ ರಾತ್ರಿ ಯಾರೋ ಒಬ್ಬರು ಕೂತು ಒಂದು ಪುಟ ಹೊಗಳಿಕೆ ಬರೆದು ಕಳಿಸುತ್ತಾರೆ. ಪಟ್ಟಿ ಬಂದಾಗ ಹೆಸರು ಇರುವುದಿಲ್ಲ. ‘ಎಲ್ಲಾ ಇನ್‌ಫ್ಲುಯೆನ್ಸು ಬಿಡ್ರಿ’ ಎಂದು ಮಾತು ಮುಗಿಯುತ್ತದೆ.

ಇನ್‌ಫ್ಲುಯೆನ್ಸು ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಇಂಥದ್ದೊಂದು ಆಯ್ಕೆ ಸಮಿತಿಯಲ್ಲಿ ಕೆಲವು ವರ್ಷ ಕೂತು ಅರ್ಜಿ ಓದಿದ್ದೇನೆ. ನಾನು ಕಂಡಂತೆ ಜಾಸ್ತಿ ಅರ್ಜಿಗಳು ಬೀಳುವುದು ಆ ವ್ಯಕ್ತಿ ಸಣ್ಣವರು ಎಂದಲ್ಲ, ಅವರ ಬಗ್ಗೆ ಬಂದ ಕಾಗದ ಸಾಲದು ಎಂದು. ಕೆಲಸದ ಕ್ರಮವೇ ತಿರುಗುಮುರುಗು ಆಗಿರುತ್ತದೆ. ಎಲ್ಲರೂ ಪತ್ರ ಬರೆಯುವುದರಿಂದ ಶುರು ಮಾಡುತ್ತಾರೆ. ಪತ್ರ ಬರೆಯುವುದು ಏಳನೆಯ ಹಂತ.

ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದದ್ದು

ಪ್ರಕಟಣೆಯ ಪೂರ್ತಿ ಪ್ರತಿ ಬೇಕು. ಗ್ರೂಪಿನಲ್ಲಿ ಬಂದ ಪೋಸ್ಟರ್ ಸಾಲದು. ನೀವು ಯಾರ ಹೆಸರು ಕಳಿಸುತ್ತೀರೋ ಅವರ ಪದವಿ ಪ್ರಮಾಣಪತ್ರ ಅಥವಾ ಕೊನೆಯ ವರ್ಷದ ಮಾರ್ಕ್ಸ್ ಕಾರ್ಡಿನ ಸ್ಕ್ಯಾನ್, ಅವರ ಈಗಿನ ಬಯೋಡೇಟಾ, ಒಂದು ಒಳ್ಳೆಯ ಫೋಟೋ ಬೇಕು. ಎಲ್ಲ ಕಾಗದವನ್ನೂ ಹಾಕಿಡಲು ಕಂಪ್ಯೂಟರಿನಲ್ಲಿ ಒಂದೇ ಒಂದು ಫೋಲ್ಡರ್ ಮಾಡಿ. ಮೊಬೈಲಿನ ಗ್ಯಾಲರಿಯಲ್ಲಿ ಮದುವೆ ಫೋಟೋಗಳ ನಡುವೆ ಮಾರ್ಕ್ಸ್ ಕಾರ್ಡ್ ಹುಡುಕುವ ಪಾಡು ಬೇಡ.

ಸಮಯ ಆರು ವಾರ ಇಟ್ಟುಕೊಳ್ಳಿ. ಬರೆಯಲು ಎರಡು ದಿನ ಸಾಕು. ಉಳಿದದ್ದೆಲ್ಲ ಬೇರೆಯವರು ಕಾಗದ ಕೊಡಲಿ ಎಂದು ಕಾಯುವ ದಿನಗಳು.

ಹಂತ 1: ನಿಯಮ ಓದಿ, ಪೆನ್ನು ಹಿಡಿದು ಓದಿ

ನಾಲ್ಕು ಸಂಗತಿಗೆ ಗುರುತು ಹಾಕಿ. ಹೆಸರು ಯಾರು ಕಳಿಸಬಹುದು? ತಮ್ಮ ಹೆಸರನ್ನು ತಾವೇ ಕಳಿಸಬಹುದೇ? ಯಾವ ಯಾವ ವಿಭಾಗ ಇದೆ? ಈಗ ಅದೇ ಸಂಸ್ಥೆಯಲ್ಲಿ ಕೆಲಸದಲ್ಲಿರುವವರು, ಹಳೆಯ ವಿದ್ಯಾರ್ಥಿ ಸಂಘದ ಪದಾಧಿಕಾರಿಗಳು, ತೀರಿಕೊಂಡವರು ಅರ್ಹರೇ?

ವಿಭಾಗ ತಪ್ಪಿದರೆ ಒಳ್ಳೆಯ ಅರ್ಜಿಯೂ ಕೆಡುತ್ತದೆ. ಒಬ್ಬರು ಡಾಕ್ಟರು ಇಪ್ಪತ್ತು ವರ್ಷ ಹಳ್ಳಿಯಲ್ಲಿ ಕ್ಲಿನಿಕ್ ನಡೆಸಿದ್ದಾರೆ ಎನ್ನಿ. ಅವರನ್ನು ‘ಸಂಶೋಧನೆ’ ವಿಭಾಗಕ್ಕೆ ಹಾಕಿದರೆ ಪ್ರಬಂಧಗಳ ಪಟ್ಟಿ ಇರುವವರ ಮುಂದೆ ಅವರು ಖಾಲಿ ಕೈಯವರಂತೆ ಕಾಣುತ್ತಾರೆ. ‘ಸಮಾಜ ಸೇವೆ’ ವಿಭಾಗದಲ್ಲಿ ಅದೇ ಕೆಲಸ ಎದ್ದು ನಿಲ್ಲುತ್ತದೆ.

ಹಂತ 2: ಅವರನ್ನೇ ಕೇಳಿ

ಇಲ್ಲಿ ನಾನೇ ಎಡವಿದ್ದೇನೆ. ನಮ್ಮ ಸೀನಿಯರ್ ಒಬ್ಬರ ಹೆಸರನ್ನು ‘ಸರ್‌ಪ್ರೈಸ್ ಕೊಡೋಣ’ ಎಂದು ಹೇಳದೆ ಕೇಳದೆ ಕಳಿಸಿದ್ದೆ. ಸಮಿತಿ ಒಪ್ಪಿತು. ಫೋನ್ ಮಾಡಿದರೆ ಅವರು ಖಡಾಖಂಡಿತವಾಗಿ ಬೇಡ ಎಂದರು. ಅವರಿಗೆ ಆ ಕಾಲೇಜಿನ ಜೊತೆ ಹಳೆಯ ಬೇಸರವೊಂದು ಇತ್ತು, ನನಗೆ ಗೊತ್ತಿರಲಿಲ್ಲ. ಆ ವರ್ಷ ಅವರ ಜಾಗ ಖಾಲಿ ಉಳಿಯಿತು. ಎರಡನೆಯ ಸ್ಥಾನದಲ್ಲಿದ್ದವರನ್ನು ಕರೆಯುವಷ್ಟು ಸಮಯವೂ ಇರಲಿಲ್ಲ.

ಹಾಗಾಗಿ ಮೊದಲು ಫೋನ್, ಆಮೇಲೆ ಇಮೇಲಿನಲ್ಲಿ ಎರಡು ಸಾಲಿನ ಒಪ್ಪಿಗೆ. ಸಮಾರಂಭದ ದಿನ ಖುದ್ದಾಗಿ ಬರುತ್ತಾರೆಯೇ ಎಂದೂ ಆಗಲೇ ಕೇಳಿ. ಎಷ್ಟೋ ಕಡೆ ಬಾರದವರಿಗೆ ಪ್ರಶಸ್ತಿ ಇಲ್ಲ.

ಅವರು ಸರ್ಕಾರಿ ನೌಕರಿಯಲ್ಲಿದ್ದರೆ ಇನ್ನೊಂದು ಗಂಟು ಇದೆ. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳಲ್ಲಿ 14ನೆಯದು ಇದರ ಬಗ್ಗೆಯೇ ಇದೆ. ತನ್ನ ಗೌರವಾರ್ಥ ನಡೆಯುವ ಸನ್ಮಾನ ಸಭೆಗೆ ಹೋಗಲು, ಮಾನಪತ್ರ ಸ್ವೀಕರಿಸಲು ನೌಕರ ಸಾಮಾನ್ಯವಾಗಿ ಮೊದಲೇ ಅನುಮತಿ ಪಡೆದಿರಬೇಕು. ರಾಜ್ಯ ಸರ್ಕಾರದ ನೌಕರರಾದರೂ ಇಲಾಖೆಯನ್ನು ಲಿಖಿತವಾಗಿ ಕೇಳಿಬಿಡುವುದೇ ಕ್ಷೇಮ. ಈ ಪತ್ರ ಮೇಜಿನಿಂದ ಮೇಜಿಗೆ ಹೋಗಿ ಬರಲು ವಾರಗಟ್ಟಲೆ ಹಿಡಿಯುತ್ತದೆ. ಮೊದಲ ವಾರದಲ್ಲೇ ಹಾಕಿಸಿ.

*ಎಚ್ಚರಿಕೆಯ ಗುರುತು:* ‘ಆಯ್ತು, ನೋಡೋಣ, ನೀವೇ ಏನಾದರೂ ಬರೆದು ಹಾಕಿ’ ಎನ್ನುವವರು ದಾಖಲೆ ಕೊಡುವುದಿಲ್ಲ. ಒಂದು ವಾರದೊಳಗೆ ಬಯೋಡೇಟಾ ಬರದಿದ್ದರೆ ಈ ವರ್ಷ ಬಿಟ್ಟುಬಿಡಿ.

ಹಂತ 3: ಪದವಿ ನಿಜವಾಗಿ ಯಾವ ವಿಶ್ವವಿದ್ಯಾಲಯದ್ದು?

ಇದೇನು ಪ್ರಶ್ನೆ ಅನ್ನಿಸಬಹುದು. ಆದರೆ ಕರ್ನಾಟಕದಲ್ಲಿ ಮೊದಲ ಸುತ್ತಿನಲ್ಲಿ ಅರ್ಜಿ ಬೀಳಲು ಇದೇ ದೊಡ್ಡ ಕಾರಣ.

ಓದಿದ ಕಾಲೇಜು ಒಂದು, ಪದವಿ ಕೊಟ್ಟ ವಿಶ್ವವಿದ್ಯಾಲಯ ಇನ್ನೊಂದು. ಕಾಲೇಜು ಇದ್ದಲ್ಲೇ ಇರುತ್ತದೆ, ಅದು ಸೇರಿರುವ ವಿಶ್ವವಿದ್ಯಾಲಯ ಮಾತ್ರ ಬದಲಾಗುತ್ತಾ ಬಂದಿದೆ. ಮೈಸೂರು ವಿಶ್ವವಿದ್ಯಾಲಯ ಶುರುವಾದದ್ದು 1916ರಲ್ಲಿ. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಬೇರೆಯಾಯಿತು. 1980ರಲ್ಲಿ ಮಂಗಳೂರು ಮತ್ತು ಗುಲಬರ್ಗಾ, 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಬಂದವು. ಹಾಗಾಗಿ 1975ರಲ್ಲಿ ಮಂಗಳೂರಿನಲ್ಲಿ ಬಿಎಸ್‌ಸಿ ಮುಗಿಸಿದವರ ಪದವಿಯ ಮೇಲೆ ಇರುವುದು ಮೈಸೂರಿನ ಮುದ್ರೆ. ಅವರ ಹೆಸರನ್ನು ಮಂಗಳೂರು ವಿಶ್ವವಿದ್ಯಾಲಯಕ್ಕೆ ಕಳಿಸಿದರೆ ಗುಮಾಸ್ತರೇ ವಾಪಸ್ ಕಳಿಸಬಹುದು. ಸಮಿತಿಯವರೆಗೂ ಹೋಗುವುದಿಲ್ಲ.

ಎಂಜಿನಿಯರುಗಳದ್ದು ಇನ್ನೂ ಗೋಜಲು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಹುಟ್ಟಿದ್ದು 1998ರಲ್ಲಿ. ಅದಕ್ಕೆ ಮೊದಲು ಮೈಸೂರಿನ ಎನ್‌ಐಇ ವಿದ್ಯಾರ್ಥಿಗೆ ಮೈಸೂರು ವಿಶ್ವವಿದ್ಯಾಲಯದ ಪದವಿ, ಹುಬ್ಬಳ್ಳಿಯ ಬಿವಿಬಿ ಕಾಲೇಜಿನವರಿಗೆ ಕರ್ನಾಟಕ ವಿಶ್ವವಿದ್ಯಾಲಯದ ಪದವಿ. ಬೆಂಗಳೂರಿನ ಕೆ.ಆರ್. ಸರ್ಕಲ್ಲಿನ ಯುವಿಸಿಇ ಎಂಜಿನಿಯರಿಂಗ್ ಕಾಲೇಜು ಅಂತೂ 1917ರಲ್ಲಿ ಶುರುವಾಗಿ ಮೊದಲು ಮೈಸೂರು, 1964ರಿಂದ ಬೆಂಗಳೂರು, ಈಗ ತಾನೇ ಒಂದು ವಿಶ್ವವಿದ್ಯಾಲಯ. ಮೆಡಿಕಲ್ ಓದಿದವರಾದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬಂದ 1996ನ್ನು ನೆನಪಿಡಿ.

ಒಬ್ಬರಿಗೆ ಮೂರು ತವರುಮನೆಯೂ ಇರಬಹುದು. ಸಿ.ಎನ್.ಆರ್. ರಾವ್ ಅವರು ಬಿಎಸ್‌ಸಿ ಮಾಡಿದ್ದು ಮೈಸೂರು ವಿಶ್ವವಿದ್ಯಾಲಯದಲ್ಲಿ, ಎಂಎಸ್‌ಸಿ ಬನಾರಸದಲ್ಲಿ, ಪಿಎಚ್‌ಡಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ. ಸುಧಾ ಮೂರ್ತಿ ಅವರನ್ನು ಬಿವಿಬಿಯವರೂ ನಮ್ಮವರು ಎನ್ನಬಹುದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ನಮ್ಮವರು ಎನ್ನಬಹುದು. ನೀವು ಕಳಿಸುತ್ತಿರುವ ಸಂಸ್ಥೆಗೆ ಸಂಬಂಧಪಟ್ಟ ಪದವಿಯನ್ನು ಮೊದಲ ಸಾಲಿನಲ್ಲಿ ಬರೆಯಿರಿ. ವಿದೇಶದ ಡಿಗ್ರಿ ದೊಡ್ಡದು ಎಂದು ಅದನ್ನು ಮೇಲಿಟ್ಟು ನಮ್ಮೂರಿನದನ್ನು ಕೆಳಗೆ ತಳ್ಳುವವರೇ ಜಾಸ್ತಿ.

ಇನ್ನು ಹೆಸರಿನ ತೊಂದರೆ. ಮಾರ್ಕ್ಸ್ ಕಾರ್ಡಿನಲ್ಲಿ ‘ಎಚ್.ಎಸ್. ಸಾವಿತ್ರಿ’, ಮದುವೆಯಾದ ಮೇಲೆ ‘ಸಾವಿತ್ರಿ ರಾಮಪ್ರಸಾದ್’, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಸೇರಿದ ಉದ್ದದ ಹೆಸರು. ಮೂರೂ ಒಬ್ಬರೇ ಎಂದು ಕಚೇರಿಗೆ ಹೇಗೆ ಗೊತ್ತಾಗಬೇಕು? ಹೆಂಗಸರ ಅರ್ಜಿಗಳು ಹಳೆಯ ರಿಜಿಸ್ಟರಿನಲ್ಲಿ ಸಿಗದೆ ಹೋಗುವುದು ಬಹಳ ಸಲ ಹೀಗೆಯೇ. ‘ಪದವಿಯಲ್ಲಿ ಇರುವ ಹೆಸರು’, ‘ಈಗಿನ ಹೆಸರು’ ಎಂದು ಎರಡು ಸಾಲು ಬೇರೆ ಬೇರೆ ಬರೆಯಿರಿ. ರಿಜಿಸ್ಟರ್ ನಂಬರ್, ಪಾಸಾದ ವರ್ಷ ಸೇರಿಸಿ. ಸೇರಿದ ವರ್ಷ ಬೇರೆ, ಪಾಸಾದ ವರ್ಷ ಬೇರೆ, ಘಟಿಕೋತ್ಸವದ ವರ್ಷ ಇನ್ನೂ ಬೇರೆ ಇರಬಹುದು. ಮೂರನ್ನೂ ಕಲಸಬೇಡಿ.

ಹಂತ 4: ಮೂರು ಕೆಲಸ ಆರಿಸಿ, ಉಳಿದದ್ದನ್ನು ಬಿಡಿ

ಬಯೋಡೇಟಾ ಹನ್ನೆರಡು ಪುಟ ಇರುತ್ತದೆ. ಅದನ್ನು ಹಾಗೇ ಎತ್ತಿ ಅರ್ಜಿಗೆ ಸುರಿಯುವುದು ಎಲ್ಲರೂ ಮಾಡುವ ತಪ್ಪು. ಸಮಿತಿಯವರ ಮುಂದೆ ನಲವತ್ತು ಅರ್ಜಿ ಇರುತ್ತದೆ, ಕಾಫಿ ಬರುವ ಹೊತ್ತಿಗೆ ಹತ್ತು ಮುಗಿಸಬೇಕು. ಅವರ ತಲೆಯಲ್ಲಿ ಉಳಿಯುವುದು ಎರಡು ಮೂರು ಸಂಗತಿ. ಯಾವುದು ಉಳಿಯಬೇಕು ಎಂದು ನೀವೇ ತೀರ್ಮಾನಿಸಿ.

ಆರಿಸುವಾಗ ಪ್ರತಿ ಕೆಲಸಕ್ಕೂ ಈ ಪ್ರಶ್ನೆ ಹಾಕಿ: ಇವರು ಇರದಿದ್ದರೆ ಇದು ಆಗುತ್ತಿತ್ತೇ? ‘ಕಂಪನಿಯ ಉಪಾಧ್ಯಕ್ಷರು’ ಎಂಬುದು ಹುದ್ದೆ. ಆ ಕುರ್ಚಿಯಲ್ಲಿ ಕೂತು ಏನು ಮಾಡಿದರು ಎಂಬುದು ಕೆಲಸ. ಪ್ರಶಸ್ತಿ ಕೊಡುವುದು ಕೆಲಸಕ್ಕೆ.

ಒಂದು ಉದಾಹರಣೆ ನೋಡಿ. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರ ಬಗ್ಗೆ ‘ದೇಶ ಕಂಡ ಮಹಾನ್ ವಿಜ್ಞಾನಿ, ಸರಳ ಸಜ್ಜನಿಕೆಯ ಮೂರ್ತಿ, ಇಸ್ರೋ ಅಧ್ಯಕ್ಷರಾಗಿ ಅಪಾರ ಸೇವೆ ಸಲ್ಲಿಸಿದವರು’ ಎಂದು ಬರೆಯಬಹುದು. ಸುಳ್ಳಲ್ಲ. ಆದರೆ ಇದೇ ಮಾತನ್ನು ಇನ್ನೂ ಹತ್ತು ಜನರ ಮೇಲೆ ಅಂಟಿಸಬಹುದು. ಈಗ ಹೀಗೆ ಬರೆಯೋಣ: ‘1975ರ ಏಪ್ರಿಲ್ 19ರಂದು ಕಕ್ಷೆ ಸೇರಿದ ಭಾರತದ ಮೊದಲ ಉಪಗ್ರಹ ಆರ್ಯಭಟವನ್ನು ಕಟ್ಟಿದ ತಂಡದ ನಾಯಕರು. 1984ರಿಂದ 1994ರವರೆಗೆ ಇಸ್ರೋ ಅಧ್ಯಕ್ಷರು.’ ಒಂದೂ ಹೊಗಳಿಕೆಯ ಪದ ಇಲ್ಲ. ಇದನ್ನು ಬೇರೆ ಯಾರ ಮೇಲೂ ಅಂಟಿಸಲು ಆಗದು. ನಿಮ್ಮ ಗೆಳೆಯ ಉಪಗ್ರಹ ಹಾರಿಸಿರಬೇಕಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡು ಸರಿಮಾಡಿದ್ದರೆ, ಯಾವ ವರ್ಷ, ಏನು ಇರಲಿಲ್ಲ, ಏನು ಬಂತು ಎಂದು ಬರೆದರೆ ಅದಕ್ಕೂ ಅಷ್ಟೇ ತೂಕ.

ತಂಡದ ಕೆಲಸವನ್ನು ಒಬ್ಬರ ತಲೆಗೆ ಕಟ್ಟಬೇಡಿ. ಸಮಿತಿಯಲ್ಲಿ ಅದೇ ಕ್ಷೇತ್ರದವರು ಒಬ್ಬರು ಇದ್ದೇ ಇರುತ್ತಾರೆ. ‘ಆ ಸೇತುವೆ ಇವರೊಬ್ಬರೇ ಕಟ್ಟಿದ್ದಾ?’ ಎಂದು ಅವರು ನಕ್ಕರೆ ಅರ್ಜಿಯ ಉಳಿದ ಸಾಲುಗಳನ್ನೂ ಯಾರೂ ನಂಬುವುದಿಲ್ಲ.

ಹಂತ 5: ಪ್ರತಿ ಮಾತಿಗೂ ಒಂದು ಕಾಗದ

ಆರಿಸಿದ ಮೂರು ಕೆಲಸಕ್ಕೂ ಒಂದೊಂದು ದಾಖಲೆ ಹುಡುಕಿ. ಆದೇಶದ ಪ್ರತಿ, ಪ್ರಕಟವಾದ ಪ್ರಬಂಧ, ಪತ್ರಿಕಾ ವರದಿ, ಸಂಸ್ಥೆಯ ವಾರ್ಷಿಕ ವರದಿ, ಯಾವುದಾದರೂ ಸರಿ. ಕಾಗದ ಸಿಗದ ಸಾಧನೆಯನ್ನು ಅರ್ಜಿಯಿಂದ ತೆಗೆಯಿರಿ, ಎಷ್ಟೇ ಆಸೆ ಇದ್ದರೂ.

ಎಡವುವ ಜಾಗಗಳು ಕೆಲವು ಗೊತ್ತಿರಲಿ.

ಪೇಟೆಂಟ್. ಅರ್ಜಿ ಹಾಕಿದ್ದು ಬೇರೆ, ಪೇಟೆಂಟ್ ಸಿಕ್ಕಿದ್ದು ಬೇರೆ. ಅರ್ಜಿ ಹಾಕಿದ 18 ತಿಂಗಳಿಗೆ ಅದು ಸಾಮಾನ್ಯವಾಗಿ ಪ್ರಕಟವಾಗುತ್ತದೆ. ಆ ಪ್ರಕಟಣೆಯನ್ನೇ ಪೇಟೆಂಟ್ ಎಂದು ತೋರಿಸುವವರು ತುಂಬಾ ಜನ. ಭಾರತೀಯ ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಹುಡುಕಿ ನೋಡಲು ಹತ್ತು ನಿಮಿಷ ಸಾಕು.

ಗೌರವ ಡಾಕ್ಟರೇಟ್. ಇದನ್ನು ಪಿಎಚ್‌ಡಿ ಪಕ್ಕದಲ್ಲಿ ಕೂರಿಸಬೇಡಿ. ಕೊಟ್ಟ ಸಂಸ್ಥೆ ಯಾವುದು ಎಂದು ನೋಡಿ. ಪದವಿ ಕೊಡುವ ಹಕ್ಕು ಯಾರಿಗಿದೆ ಎಂದು 1956ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆ ಹೇಳುತ್ತದೆ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ಯುಜಿಸಿ ಹೊರಡಿಸುತ್ತದೆ. ಹೋಟೆಲಿನ ಹಾಲ್‌ನಲ್ಲಿ ಕೊಟ್ಟ ಡಾಕ್ಟರೇಟ್ ಒಂದು ಅರ್ಜಿಯಲ್ಲಿ ಇದ್ದರೆ ಸಮಿತಿ ಉಳಿದ ಎಲ್ಲವನ್ನೂ ಅನುಮಾನದಿಂದ ನೋಡುತ್ತದೆ.

ದುಡ್ಡು ಕೊಟ್ಟು ತಗೊಂಡ ಪ್ರಶಸ್ತಿಗಳು. ‘ನೋಂದಣಿ ಶುಲ್ಕ’ ಕಟ್ಟಿಸಿಕೊಂಡು ಟ್ರೋಫಿ ಕೊಡುವ ಸಂಸ್ಥೆಗಳು ಬೇಕಾದಷ್ಟಿವೆ. ಅಂಥವನ್ನು ಮರೆಯದೆ ಬಿಟ್ಟುಬಿಡಿ. ರಾಜ್ಯೋತ್ಸವ ಪ್ರಶಸ್ತಿಯಂಥ ಸರ್ಕಾರಿ ಗೌರವವಾದರೆ ವರ್ಷ, ಯಾವ ಕ್ಷೇತ್ರಕ್ಕೆ ಎಂಬುದನ್ನು ಅಧಿಕೃತ ಪಟ್ಟಿ ನೋಡಿಯೇ ಬರೆಯಿರಿ.

ಕೋರ್ಟು, ಇಲಾಖಾ ವಿಚಾರಣೆ. ಇದನ್ನು ಕೇಳುವುದು ಮುಜುಗರ, ಆದರೂ ಕೇಳಿ. ಹೆಸರು ಘೋಷಿಸಿದ ಮೇಲೆ ಯಾರೋ ಹಳೆಯ ಪತ್ರಿಕೆಯ ತುಣುಕು ಕಳಿಸಿದರೆ ಸಾಧಕರಿಗೂ ಅವಮಾನ, ಕಾಲೇಜಿಗೂ ಅವಮಾನ.

ಹಂತ 6: ಶಿಫಾರಸು ಪತ್ರಗಳು

ಎರಡು ಸಾಕು, ಮೂರು ಜಾಸ್ತಿ. ಒಬ್ಬರು ಅವರ ಜೊತೆ ಕೆಲಸ ಮಾಡಿದವರು, ಇನ್ನೊಬ್ಬರು ಅದೇ ಕ್ಷೇತ್ರದಲ್ಲಿದ್ದು ಕೆಲಸವನ್ನು ದೂರದಿಂದ ಬಲ್ಲವರು. ಬೀಗರು, ನೆಂಟರು, ಪಾಲುದಾರರು ಬೇಡ. ಎಂಎಲ್‌ಎ, ಮಂತ್ರಿಗಳ ಲೆಟರ್‌ಹೆಡ್ ಅಂತೂ ಬೇಡವೇ ಬೇಡ. ಒತ್ತಡ ಹಾಕುತ್ತಿದ್ದಾರೆ ಎಂದು ಸಮಿತಿಯವರು ಸೆಟೆದು ಕೂರುತ್ತಾರೆ.

ಪತ್ರ ಕೊಡುವವರಿಗೆ ‘ಸುಮ್ನೆ ಎರಡು ಸಾಲು ಬರೆದು ಕೊಡಿ ಸರ್’ ಎಂದರೆ ಎರಡೇ ಸಾಲು ಬರುತ್ತದೆ. ನೀವು ಆರಿಸಿದ ಮೂರು ಕೆಲಸಗಳನ್ನು ಕಳಿಸಿ, ‘ಇದರಲ್ಲಿ ನೀವು ಕಣ್ಣಾರೆ ಕಂಡದ್ದು ಯಾವುದೋ ಅದನ್ನಷ್ಟೇ ಬರೆಯಿರಿ’ ಎಂದು ಕೇಳಿ. ಪತ್ರ ನೀವೇ ಬರೆದು ಸಹಿ ಹಾಕಿಸಬೇಡಿ. ಎರಡೂ ಪತ್ರದಲ್ಲಿ ಒಂದೇ ವಾಕ್ಯ, ಒಂದೇ ಕಾಗುಣಿತದ ತಪ್ಪು ಇದ್ದದ್ದನ್ನು ನಾನೇ ನೋಡಿದ್ದೇನೆ.

ಹಂತ 7: ಈಗ ಬರೆಯಿರಿ

ಮುಖ್ಯ ಬರಹ ಒಂದೂವರೆ ಪುಟ ಮೀರದಿರಲಿ. ಪದ್ಮ ಪ್ರಶಸ್ತಿಗೆ ಹೆಸರು ಕಳಿಸುವಾಗಲೂ ವಿವರಣೆಗೆ 800 ಪದಗಳ ಮಿತಿ ಇದೆ. ದೇಶದ ದೊಡ್ಡ ಗೌರವಕ್ಕೇ ಅಷ್ಟು ಸಾಕಾದರೆ ನಮ್ಮ ಕಾಲೇಜಿನದಕ್ಕೆ ಅದಕ್ಕಿಂತ ಜಾಸ್ತಿ ಯಾಕೆ?

ಕ್ರಮ ಹೀಗಿರಲಿ. ಮೊದಲ ಪ್ಯಾರಾದಲ್ಲಿ ಯಾರು, ಯಾವ ಪದವಿ, ಯಾವ ವರ್ಷ, ಈಗ ಏನು ಮಾಡುತ್ತಿದ್ದಾರೆ, ಯಾವ ವಿಭಾಗಕ್ಕೆ ಹೆಸರು. ಮುಂದಿನ ಮೂರು ಪ್ಯಾರಾದಲ್ಲಿ ಮೂರು ಕೆಲಸ, ಪ್ರತಿಯೊಂದರ ಕೊನೆಗೆ ‘ದಾಖಲೆ 1 ನೋಡಿ’ ಎಂಬ ಗುರುತು. ಕೊನೆಯ ಪ್ಯಾರಾದಲ್ಲಿ ಸಂಸ್ಥೆಯ ಜೊತೆ ಅವರ ನಂಟು. ವಿದ್ಯಾರ್ಥಿಗಳಿಗೆ ಪಾಠ ಮಾಡಿದ್ದಾರೆಯೇ, ಇಂಟರ್ನ್‌ಶಿಪ್ ಕೊಡಿಸಿದ್ದಾರೆಯೇ? ನಂಟು ಇಲ್ಲದಿದ್ದರೆ ಆ ಪ್ಯಾರಾ ಬೇಡ. ಹಾಸ್ಟೆಲಿನ ಊಟ, ಕಾಲೇಜಿನ ಹಿಂದಿನ ಮರ ಎಂದೆಲ್ಲ ತುಂಬಿಸಬೇಡಿ.

ಬರೆದ ಮೇಲೆ ‘ಅಪಾರ’, ‘ಅನನ್ಯ’, ‘ಅವಿರತ’, ‘ಮೇರು’, ‘ಹೆಮ್ಮೆಯ ಪುತ್ರ’ ಇವುಗಳನ್ನು ಹುಡುಕಿ ಹೊಡೆದುಹಾಕಿ. ಹೊಡೆದ ಮೇಲೆ ಏನೂ ಉಳಿಯದಿದ್ದರೆ ಹಂತ 4ಕ್ಕೆ ವಾಪಸ್ ಹೋಗಿ.

ಕನ್ನಡದಲ್ಲಿ ಬರೆಯುವವರಿಗೆ ಒಂದು ಮಾತು. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ಬೇರೆಯವರ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣಬಹುದು. ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಪಿಡಿಎಫ್ ಮಾಡಿ, ನಿಮ್ಮದಲ್ಲದ ಒಂದು ಮೊಬೈಲಿನಲ್ಲಿ ತೆರೆದು ನೋಡಿ. ಒತ್ತಕ್ಷರಗಳು ಸರಿ ಇವೆಯೇ ಎಂದು ಕಣ್ಣಾಡಿಸಿ.

ಹಂತ 8: ಕಳಿಸಿ

ಕೊನೆಯ ದಿನಕ್ಕಿಂತ ಐದು ದಿನ ಮೊದಲು ಕಳಿಸಿ. ಎಲ್ಲ ಸೇರಿ ಒಂದೇ ಪಿಡಿಎಫ್, ಪುಟಸಂಖ್ಯೆ ಹಾಕಿರಲಿ, ಕಡತದ ಹೆಸರಲ್ಲಿ ವ್ಯಕ್ತಿಯ ಹೆಸರೂ ವರ್ಷವೂ ಇರಲಿ. ‘ಫೈನಲ್ ಹೊಸದು 3’ ಎಂಬ ಹೆಸರಿನ ಕಡತ ಕಚೇರಿಯ ಕಂಪ್ಯೂಟರಿನಲ್ಲಿ ಕಳೆದೇ ಹೋಗುತ್ತದೆ. ‘ತಲುಪಿದೆ’ ಎಂಬ ಉತ್ತರ ಬರುವವರೆಗೆ ಬಿಡಬೇಡಿ. ಎರಡು ದಿನ ಬರದಿದ್ದರೆ ಫೋನ್ ಮಾಡಿ.

ಅದಾದ ಮೇಲೆ ಸಮಿತಿಯವರಿಗೆ ಫೋನ್ ಮಾಡಬೇಡಿ. ಮದುವೆ ಮನೆಯಲ್ಲಿ ಸಿಕ್ಕರೂ ವಿಷಯ ಎತ್ತಬೇಡಿ.

ಹಂತ 9: ಆಯ್ಕೆಯಾದರೆ

ವೇದಿಕೆಯಲ್ಲಿ ಓದುವ ಪರಿಚಯವನ್ನು ಕಚೇರಿಯವರು ನಿಮ್ಮ ಅರ್ಜಿಯಿಂದ ಕತ್ತರಿಸಿ ಮಾಡುತ್ತಾರೆ, ಅವಸರದಲ್ಲಿ. ನೀವೇ ನೂರು ಪದಗಳ ಒಂದು ಪರಿಚಯ ಬರೆದು ಕೊಡಿ. ಗಟ್ಟಿಯಾಗಿ ಓದಿ, ಗಡಿಯಾರ ನೋಡಿ. ಹೆಸರಿನ ಉಚ್ಚಾರ, ಮಾನಪತ್ರದ ಮೇಲಿನ ಕಾಗುಣಿತ ಎರಡನ್ನೂ ಅಚ್ಚಿಗೆ ಹೋಗುವ ಮೊದಲು ಸಾಧಕರಿಗೇ ತೋರಿಸಿ. ಫ್ರೇಮ್ ಹಾಕಿದ ಮೇಲೆ ಒತ್ತು ತಪ್ಪಿದ್ದು ಕಂಡರೆ ಏನೂ ಮಾಡಲಾಗದು. ಪೇಟ ತೊಡಿಸುವುದಿದ್ದರೆ ಅದನ್ನೂ ಮೊದಲೇ ಹೇಳಿ, ಕೆಲವರಿಗೆ ಇಷ್ಟವಾಗುವುದಿಲ್ಲ.

ಒಂದು ಸೂಕ್ಷ್ಮ: ದೇಣಿಗೆ. ಪ್ರಶಸ್ತಿ ಕೊಡುವಾಗಲೇ ‘ಹೊಸ ಕಟ್ಟಡಕ್ಕೆ ಏನಾದರೂ’ ಎಂದು ಕೇಳುವ ಚಾಳಿ ಕೆಲವು ಸಂಘಗಳಲ್ಲಿದೆ. ನನಗೆ ಇದು ಸ್ವಲ್ಪವೂ ಒಪ್ಪಿಗೆಯಿಲ್ಲ. ಸಾಧಕರು ತಾವಾಗಿಯೇ ಕೊಡಲು ಮುಂದೆ ಬಂದರೂ, ಅವರು ಈಗ ಬೇರೆ ದೇಶದ ಪೌರರಾಗಿದ್ದರೆ ಆ ಹಣ 2010ರ ವಿದೇಶಿ ದೇಣಿಗೆ ಕಾಯ್ದೆಯ ಕೆಳಗೆ ಬರುತ್ತದೆ. ಸಂಘಕ್ಕೆ ಆ ಕಾಯ್ದೆಯ ನೋಂದಣಿ ಅಥವಾ ಅನುಮತಿ ಇಲ್ಲದೆ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವಂತಿಲ್ಲ. ಹೊರದೇಶದಲ್ಲಿದ್ದೂ ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಈ ತೊಡಕಿಲ್ಲ. ವೇದಿಕೆಯ ಮೇಲೆ ಚೆಕ್ ಇಸಿದುಕೊಂಡು ಫೋಟೋ ತೆಗೆಸುವ ಮೊದಲು ಆಡಿಟರನ್ನು ಕೇಳಿ.

ಆಯ್ಕೆಯಾಗದಿದ್ದರೆ

ಫೋಲ್ಡರ್ ಅಳಿಸಬೇಡಿ. ಕಚೇರಿಗೆ ಒಂದು ಮೇಲ್ ಹಾಕಿ, ಅರ್ಜಿ ಯಾವ ಸುತ್ತಿನವರೆಗೆ ಹೋಯಿತು ಎಂದು ಕೇಳಿ. ಮೊದಲ ಸುತ್ತಿನಲ್ಲೇ ಬಿದ್ದಿದ್ದರೆ ಹಂತ 1, 2, 3ರಲ್ಲಿ ಏನೋ ತಪ್ಪಿದೆ. ಕೊನೆಯ ಸುತ್ತಿನವರೆಗೆ ಹೋಗಿ ಬಿದ್ದಿದ್ದರೆ ಹಂತ 4ರಲ್ಲಿ ಆರಿಸಿದ ಕೆಲಸಗಳನ್ನು ಬದಲಿಸಿ ನೋಡಿ. ಒಪ್ಪಿಗೆ ಪತ್ರವನ್ನೂ ಶಿಫಾರಸುಗಳನ್ನೂ ಹೊಸ ತಾರೀಕಿನೊಂದಿಗೆ ಮತ್ತೆ ತೆಗೆದುಕೊಳ್ಳಿ. ಹೋದ ವರ್ಷದ ತಾರೀಕು ಇರುವ ಪತ್ರವನ್ನು ಕೆಲವು ಕಚೇರಿಗಳು ತೆಗೆದುಕೊಳ್ಳುವುದಿಲ್ಲ.